ಗ್ಯಾರಂಟಿಯಣ್ಣನ ಪೆಟ್ಟಿಗೆ

ಮಳೆಯಲ್ಲಿ ಬಂದು ಕ್ಲಿನಿಕ್ಕಿನ ಮೆಟ್ಟಿಲ ಹತ್ತಿರ ಬೈಕು ನಿಲ್ಲಿಸಿ ಅದರ ಪಕ್ಕಕ್ಕೆ ಕೂಡಿಸಿದ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ಎರಡು ಬೆರಳು ನೀರು. ಆ ನೀರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮೇಲ್ದವಡೆ, ಕೆಳದವಡೆ ಎರಡೂ ಮುಳುಗಿ ಕೂತಿದ್ದವು. ಪ್ಲಾಸ್ಟರಿನ ಅಚ್ಚುಗಳು ಅನ್ನಿ, ಆದರೆ ಅವು ನೆನೆದರೆ ಅಳತೆಯೇ ಕೆಡುತ್ತದೆ. ಹಲ್ಲಕ್ಕ ಮುಚ್ಚಳವನ್ನು ಧಡ್ಡನೆ ಕುಕ್ಕಿದಳು. ಇದು ಮೂರನೇ ಸಲ.

ಹಲ್ಲಕ್ಕ ಹಲ್ಲಿನ ಡಾಕ್ಟರಲ್ಲ. ಡಾಕ್ಟರು ತೆಗೆದುಕೊಟ್ಟ ಅಳತೆಗೆ ಸರಿಯಾಗಿ ಹಲ್ಲಿನ ಸೆಟ್ಟು ಮಾಡಿಕೊಡುವವಳು. ಮನೆಯ ಹಿಂದಿನ ಕೋಣೆಯಲ್ಲಿ ಪ್ಲಾಸ್ಟರು, ಮೇಣ, ಉಜ್ಜುವ ಚಕ್ರ ಇಟ್ಟುಕೊಂಡು ಕೆಲಸ ಮಾಡುತ್ತಾಳೆ. ಮಾಡಿದ್ದನ್ನು ಊರಿನ ಆ ತುದಿಯ ಕ್ಲಿನಿಕ್ಕಿಗೆ ಬೈಕಿನಲ್ಲಿ ತಾನೇ ಒಯ್ಯುತ್ತಾಳೆ. ಅವಳ ಕೆಲಸದಲ್ಲಿ ಮುಕ್ಕಾಲು ಪಾಲು ಆ ಒಂದೇ ಕ್ಲಿನಿಕ್ಕಿನದು.

ಮೊದಲ ಸಲ ನೆನೆದಾಗ ಚೀಟಿಗಳ ಶಾಯಿ ಕದಡಿ ಯಾರ ದವಡೆ ಯಾರದೋ ತಿಳಿಯದೆ ಹೋಗಿತ್ತು. ಎರಡನೇ ಸಲ ಅಂಚುಗಳು ಪುಡಿಪುಡಿಯಾಗಿದ್ದವು. ಈ ಸಲ ಜಾಣತನ ಮಾಡಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದಳು. ನಿಂತ ನೀರು ಚೀಲದ ಬಾಯಿಯಿಂದಲೇ ಒಳಗೆ ಇಳಿದಿತ್ತು. ಹನಿ ನೀರೂ ದಾಟದು ಎಂಬ ಭರವಸೆಯ ಪೆಟ್ಟಿಗೆ ಒಂದು ವಿಷಯದಲ್ಲಿ ಮಾತು ಉಳಿಸಿಕೊಂಡಿತ್ತು. ಒಳಗೆ ಬಂದ ನೀರಿನ ಒಂದು ಹನಿಯನ್ನೂ ಹೊರಗೆ ಬಿಟ್ಟಿರಲಿಲ್ಲ.

ಮೇಷ್ಟ್ರು ಹೊರಗಿನ ಬೆಂಚಿನ ಮೇಲೆ ಬೋಳು ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು. ತಿಂಗಳಿಂದ ಎಲ್ಲವನ್ನೂ ಕಿವುಚಿಕೊಂಡೇ ನುಂಗುತ್ತಿದ್ದ ಜೀವ. ಮತ್ತೆ ಅಳತೆ ಕೊಡಬೇಕು ಎಂದಾಗ ಅವರು ಬೈಯಲಿಲ್ಲ, ಸುಮ್ಮನೆ ಬಾಯಿ ತೆರೆದರು. ಬೈದಿದ್ದರೇ ವಾಸಿಯಿತ್ತು. ಡಾಕ್ಟರಮ್ಮ ಮಾತ್ರ ಹೊಸ ಅಳತೆಯನ್ನು ಹಲ್ಲಕ್ಕನ ಕೈಗಿಡುತ್ತ, ಮುಖವನ್ನೂ ನೋಡದೆ ಹೇಳಿದರು.

"ಗುರುವಾರ ನಾಲ್ಕು ಗಂಟೆಗೆ ಇದು ಒಣಗಿದ್ದೇ ಬರ್ಬೇಕು. ಇನ್ನೊಂದ್ಸಲ ನೆನೆದು ಬಂದ್ರೆ ನಿಮ್ಮ ಹತ್ರ ಮಾಡ್ಸೋದು ನಿಲ್ಲಿಸ್ತೀನಿ."

ಹಲ್ಲಕ್ಕ ಬೈಕು ತಿರುಗಿಸಿದ್ದು ನೇರ ಅಣ್ಣನ ಅಂಗಡಿಗೆ. ಒಡಹುಟ್ಟಿದ ಅಣ್ಣ. ಬೈಕಿನ ಬಿಡಿ ಸಾಮಾನು ಮಾರುತ್ತಾನೆ. ಒಂದು ಬಲ್ಬು ಮಾರಿದರೂ 'ಗ್ಯಾರಂಟಿ' ಅನ್ನದೆ ಬಿಡುವುದಿಲ್ಲವಾದ್ದರಿಂದ ಪೇಟೆಯೆಲ್ಲ ಅವನನ್ನು ಗ್ಯಾರಂಟಿಯಣ್ಣ ಎಂದೇ ಕರೆಯುತ್ತದೆ. ಆ ಪೆಟ್ಟಿಗೆ ಕೂಡಿಸಿದವನೂ ಅವನೇ. ಅದು ಯಾವುದೋ ಬೇರೆ ಬೈಕಿಗೆಂದು ಮಾಡಿದ್ದು. ಪೆಟ್ಟಿಗೆ ಕೂರುವ ಸ್ಟ್ಯಾಂಡನ್ನು ಕತ್ತರಿಸಿ, ಬೆಸುಗೆ ಹಾಕಿ, ಸೈಲೆನ್ಸರಿಗೆ ತಾಗದ ಹಾಗೆ ಎತ್ತರಿಸಿದ್ದ. ಅಷ್ಟು ಮಾಡಿದರೂ ಪೆಟ್ಟಿಗೆಯ ನಾಲ್ಕನೇ ತೂತು ಸ್ಟ್ಯಾಂಡಿನ ತೂತಿಗೆ ಕೂಡಿರಲಿಲ್ಲ. 'ಬರ್ತದೆ, ಎಲ್ಲಿಗೆ ಹೋಗ್ತದೆ' ಎಂದು ಕಬ್ಬಿಣದ ಸಲಾಕೆ ಕೊಟ್ಟು ಮೀಟಿ, ಬೋಲ್ಟು ತುರುಕಿ ಬಿಗಿದಿದ್ದ. ಪೆಟ್ಟಿಗೆ ಕಿರ್ ಎಂದಿತ್ತು. ಹೊಸದಲ್ಲವೇ, ಹಾಗೇ ಎಂದಿದ್ದ.

ಅವಳು ದೂರು ಹೇಳಿದ್ದೇ ತಡ, ಗಿರಾಕಿಗಳನ್ನೆಲ್ಲ ಕೂಗಿ ಕರೆದ. ಮೊದಲೆರಡು ಸಲ ಮಾಡಿದಂತೆ ಈ ಸಲವೂ ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲಿಟ್ಟ, ಒಳಗೆ ಒಂದು ಹಳೆಯ ಪತ್ರಿಕೆ ಹಾಕಿ ಮುಚ್ಚಿದ, ಪೈಪು ತಂದು ಐದು ನಿಮಿಷ ನೀರು ಬಿಟ್ಟ. ತೆಗೆದು ನೋಡಿದರೆ ಪತ್ರಿಕೆ ಗರಿಗರಿ. ಅದನ್ನು ಅವಳ ಮೂಗಿನ ಮುಂದೆ ಆಡಿಸಿದ.

"ಮುಚ್ಚಳ ಹಾಕೋಕೂ ಬರಲ್ಲ ಅಂದ್ರೆ ಅದಕ್ಕೂ ನಾನೇ ಬರ್ಬೇಕಾ?"

ಅಲ್ಲಿದ್ದವರು ನಕ್ಕರು. ಹಲ್ಲಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಂಟು ವರ್ಷದವಳಿದ್ದಾಗ ಅವಳ ಸೈಕಲ್ಲು ಕೆಡಿಸಿಟ್ಟು, ತುಳಿಯೋಕೆ ಬರಲ್ಲ ಎಂದು ಅಪ್ಪನ ಹತ್ತಿರ ಹೇಳಿದ್ದವನೂ ಇವನೇ. ಮೂವತ್ತು ವರ್ಷದಲ್ಲಿ ಈ ಆಸಾಮಿ ಕೂದಲಿನಷ್ಟೂ ಬದಲಾಗಿರಲಿಲ್ಲ.

ವಾರವೆಲ್ಲ ಅವನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಮೇಷ್ಟ್ರ ಸೆಟ್ಟು ಮತ್ತೆ ಮಾಡಿದಳು. ಬುಧವಾರ ಸಂಜೆ ಮೇಲಿನ ಸಾಲು, ಕೆಳಗಿನ ಸಾಲು ಸರಿಯಾಗಿ ಕೂಡುತ್ತವೆಯೇ ಎಂದು ನೋಡಲು ನೀಲಿ ಕಾಗದದ ಪಟ್ಟಿ ನಡುವೆ ಇಟ್ಟು ಒತ್ತಿದಳು. ಹಲ್ಲಿಗೆ ಹಲ್ಲು ತಾಗಿದಲ್ಲಿ ನೀಲಿ ಚುಕ್ಕೆ ಬೀಳುತ್ತದೆ, ತಾಗದಲ್ಲಿ ಬೀಳುವುದಿಲ್ಲ. ದಿನಕ್ಕೆ ಹತ್ತು ಸಲ ಮಾಡುವ ಕೆಲಸ. ಅವತ್ತು ಮಾತ್ರ ಕಾಗದ ಕೈಯಲ್ಲಿ ಹಿಡಿದು ಗರಬಡಿದವಳಂತೆ ಕೂತುಬಿಟ್ಟಳು. ಆಮೇಲೆ, ನನ್ನ ಬುದ್ಧಿಗಿಷ್ಟು, ಎಂದು ತನ್ನನ್ನೇ ಬೈದುಕೊಂಡಳು.

ಗುರುವಾರ ಮೂರು ಗಂಟೆಗೆ, ಮೇಷ್ಟ್ರ ದವಡೆಗಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿಕೊಂಡು, ದಾರಿಯಲ್ಲೇ ಸಿಗುವ ಅಣ್ಣನ ಅಂಗಡಿಯ ಮುಂದೆ ಬೈಕು ನಿಲ್ಲಿಸಿದಳು. ಮೋಡ ಕಪ್ಪಿಟ್ಟಿತ್ತು. ಇಬ್ಬರು ಗಿರಾಕಿಗಳಿದ್ದರು, ಅದರಲ್ಲಿ ಒಬ್ಬನ ಬೈಕಿಗೂ ಇಂಥದೇ ಪೆಟ್ಟಿಗೆ. ಈ ಸಲ ಜನರನ್ನು ಕರೆದವಳು ಅವಳು. ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲಿಟ್ಟಳು, ಬಾಯಂಚಿನ ರಬ್ಬರಿನ ಮೇಲೆ ಉದ್ದಕ್ಕೂ ನೀಲಿ ಪಟ್ಟಿ ಹರವಿ, ಮುಚ್ಚಳ ಹಾಕಿ ತೆಗೆದಳು. ರಬ್ಬರಿನ ಸುತ್ತ ನೀಲಿ ಗೆರೆ, ಒಂದು ಕಡೆಯೂ ತುಂಡಾಗಿರಲಿಲ್ಲ.

"ನಾನು ಹೇಳ್ಲಿಲ್ವಾ?" ಎಂದ ಅಣ್ಣ.

ಅವಳು ಗೆರೆ ಒರೆಸಿದಳು, ಪೆಟ್ಟಿಗೆಯನ್ನು ಬೈಕಿಗೇ ಕೂಡಿಸು ಎಂದಳು. ಅವನು ಅದೇ ಸಲಾಕೆ ಕೊಟ್ಟು ಮೀಟಿ, ನಾಲ್ಕೂ ಬೋಲ್ಟು ಬಿಗಿದ. ಮತ್ತೆ ಪಟ್ಟಿ ಹರವಿ, ಮುಚ್ಚಿ, ತೆಗೆದಳು. ಹಿಂದಿನ ಮೂಲೆಯಲ್ಲಿ ನಾಲ್ಕು ಬೆರಳಗಲ ನೀಲಿಯೇ ಇರಲಿಲ್ಲ. ಚಕ್ರ ನೀರು ಎರಚುವ ಕಡೆಯದೇ ಆ ಮೂಲೆ. ಸ್ಟ್ಯಾಂಡಿಗೆ ಎಳೆದು ಬಿಗಿದಾಗ ಪೆಟ್ಟಿಗೆಯ ಮೈ ತಿರುಚಿಕೊಂಡು ಬಾಯಿ ಸೊಟ್ಟಗಾಗುತ್ತಿತ್ತು.

"ಹಲ್ಲು ಸರಿ ಇದೆಯಾ ಅಂತ ಕೈಯಲ್ಲಿಟ್ಕೊಂಡು ನೋಡಲ್ಲ ಅಣ್ಣ. ಬಾಯಲ್ಲಿಟ್ಟು ನೋಡ್ತೀವಿ. ನೀನು ಮೂರ್ಸಲವೂ ಮೇಜಿನ ಮೇಲೆ ನೋಡಿದೆ."

ಗ್ಯಾರಂಟಿಯಣ್ಣನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಪೆಟ್ಟಿಗೆಯಿದ್ದ ಗಿರಾಕಿ ಮೆಲ್ಲಗೆ ಹತ್ತಿರ ಬಂದು, ಆ ನೀಲಿ ಕಾಗದ ಇನ್ನೊಂದು ಚೂರು ಸಿಗಬಹುದೇ ಎಂದು ಕೇಳಿದ. ಅದು ಅಣ್ಣನಿಗೆ ಚುರುಕ್ಕೆಂದಿತು.

"ಜನರ ಮುಂದೆ ಮಾನ ಕಳೆಯೋಕೆ ಬಂದ್ಯಾ?" ಎಂದು ಹಲ್ಲು ಕಚ್ಚಿ ಕೇಳಿದ.

"ನಾನು ಮೂರ್ಸಲ ಒಬ್ಬಳೇ ಬಂದು ಹೇಳಿದ್ದೆ. ಜನ ಸೇರಿಸಿದ್ದು ನೀನು."

ಅಷ್ಟರಲ್ಲಿ ಮಳೆ ಧೋ ಎಂದು ಬಿತ್ತು. ಅಣ್ಣ ಒಂದು ಹಿಡಿ ವಾಷರ್ ಎತ್ತಿಕೊಂಡು, ಇವನ್ನು ನಡುವೆ ಕೊಟ್ಟರೆ ನೆಟ್ಟಗಾಗುತ್ತದೆ, ಒಂದು ಗಂಟೆ ಕೂತಿರು ಎಂದ. ತಪ್ಪಾಯಿತು ಅನ್ನುವ ಮಾತು ಅವನ ಬಾಯಿಂದ ಆಗಲೂ ಬರಲಿಲ್ಲ. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಹಲ್ಲಕ್ಕ ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ಬೋಲ್ಟು ಬಿಚ್ಚತೊಡಗಿದಳು. ಕೊನೆಯದು ಸಡಿಲವಾದದ್ದೇ ಪೆಟ್ಟಿಗೆ ಸ್ಟ್ಯಾಂಡಿನಿಂದ ಟಕ್ಕೆಂದು ಒಂದು ಬೆರಳು ದೂರ ಸಿಡಿಯಿತು. ಅದನ್ನೆತ್ತಿ ಅವನ ಮೇಜಿನ ಮೇಲೆ ಕುಕ್ಕಿದಳು. ತೊಟ್ಟಿದ್ದ ರೇನ್‌ಕೋಟು ಬಿಚ್ಚಿ, ಅದರಲ್ಲಿ ಡಬ್ಬಿಯನ್ನು ನಾಲ್ಕು ಸುತ್ತು ಸುತ್ತಿ ಎದೆಗೆ ಕಟ್ಟಿಕೊಂಡಳು. ಅಣ್ಣ ತನ್ನ ಕೋಟು ಚಾಚಿದ. ಅವಳು ಅತ್ತ ತಿರುಗಿಯೂ ನೋಡಲಿಲ್ಲ.

ನಾಲ್ಕಕ್ಕೆ ಎರಡು ನಿಮಿಷವಿರುವಾಗ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತ ಹಲ್ಲಕ್ಕನಿಂದ ಇಳಿದ ನೀರು ನೆಲದ ಮೇಲೆ ಮಡುವೇ ಆಯಿತು. ಹಲ್ಲು ಕಟಕಟ ಎನ್ನುತ್ತಿದ್ದವು. ಡಾಕ್ಟರಮ್ಮ ಸುತ್ತು ಬಿಚ್ಚಿ, ಡಬ್ಬಿ ತೆರೆದು, ದವಡೆಗಳ ಅಂಚಿನ ಮೇಲೆ ಬೆರಳಾಡಿಸಿದರು. ಹತ್ತಿ ಹಿಸುಕಿ ನೋಡಿದರು. ಆಮೇಲೆ ಮೇಷ್ಟ್ರನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು, ಮುಂದಿನ ವಾರದ ಮೂರು ಅಳತೆಗಳನ್ನು ತೆಗೆದು ಹಲ್ಲಕ್ಕನ ಪಕ್ಕ ಇಟ್ಟರು. ಒರೆಸಿಕೊಳ್ಳಲು ಒಂದು ಟವೆಲ್ಲನ್ನೂ ಕೊಟ್ಟು, ಪೆಟ್ಟಿಗೆ ಏನಾಯಿತು ಎಂದು ಕೇಳಿದರು.

"ಅಣ್ಣನ ಮೇಜಿನ ಮೇಲಿದೆ," ಎಂದಳು ಹಲ್ಲಕ್ಕ ತಲೆ ಒರೆಸಿಕೊಳ್ಳುತ್ತ. "ಅಲ್ಲಿದ್ರೆ ಅದು ಸೋರಲ್ಲ."