ಭೀಮಕ್ಕ ಕಂಡದ್ದು

"ಎಂಟು ವರ್ಷಕ್ಕೆ ಯಾವ ಮಗು ಮೈನೆರೀತೈತೆ?"

ಒಗೆಯುವ ಕಲ್ಲಿನ ಮೇಲೆ ಮಗಳ ಲಂಗ ಉಜ್ಜುತ್ತ ಮಂಗಳಗೌರಿ ಕೇಳಿದಳು. ಹತ್ತಿರ ಯಾರೂ ಇರಲಿಲ್ಲ. ಗಂಡ ಕುರಿ ಹೊಡೆದುಕೊಂಡು ಪಾವಗಡದ ಕಡೆ ಹೋಗಿ ತಿಂಗಳಾಗಿತ್ತು. ಲಂಗದ ಕಲೆ ನೋಡಿ ರಕ್ಷಾ ದೊಡ್ಡವಳಾದಳೆಂದು ಮೊದಲು ಸಾರಿದವಳು ಅತ್ತೆ ಭೀಮಕ್ಕ. ಮಾತು ಹಟ್ಟಿಯನ್ನೆಲ್ಲ ಸುತ್ತಿ ಭೀಮಕ್ಕನ ಮೈದುನ, ಪೂಜಾರಿ ಕಾಟಪ್ಪನ ಕಿವಿಗೂ ಬಿತ್ತು. ಮೈನೆರೆದವಳು ದೇವರಿರುವ ಹಟ್ಟಿಯೊಳಗೆ ಇರುವಂತಿಲ್ಲ. ಕಾಟಪ್ಪ ಆಗಲೇ ಬೇಲಿಯಾಚೆ ಸೋಗೆಯ ಗುಡ್ಲು ಹಾಕಿಸಿದ್ದ.

ಆದರೆ ರಕ್ತ ಬರುತ್ತಿದ್ದುದು ಮಲದ ಜೊತೆ. ಮಂಗಳಗೌರಿ ಎರಡು ಸಲ ನೋಡಿದ್ದಳು. ಯಾರಿಗೂ ಹೇಳದೆ ಮಗಳನ್ನು ಮಧುಗಿರಿಗೆ, ಅಲ್ಲಿಂದ ತುಮಕೂರಿನ ಆಸ್ಪತ್ರೆಗೆ ಕರೆದೊಯ್ದಿದ್ದಳು.

"ಕರುಳಿನ ಕೊನೇಲಿ ಗಂಟಿರಬಹುದಮ್ಮ," ಎಂದಿದ್ದರು ಡಾಕ್ಟರ್ ಶ್ರೀಲತಾ. "ಮಕ್ಕಳಲ್ಲಿ ಇದನ್ನ ನೋಡ್ತಾನೇ ಇರ್ತೀವಿ. ನಿದ್ದೆ ಬರಿಸಿ, ಕ್ಯಾಮೆರಾ ಇರೋ ಸಣ್ಣ ಕೊಳವೆ ಹಿಂದಿನಿಂದ ಹಾಕಿ ನೋಡ್ತೀವಿ. ಗಂಟಿದ್ರೆ ಅಲ್ಲೇ ತೆಗೀಬಹುದು. ಹಿಂದಿನ ದಿನ ಊಟ ಕೊಡಬೇಡಿ, ಈ ಔಷಧಿ ನೀರಲ್ಲಿ ಕಲಸಿ ಕುಡಿಸ್ತಾ ಇರಿ. ಹೊಟ್ಟೆ ಪೂರ್ತಿ ತೊಳೆದು ಹೋಗ್ಬೇಕು, ಇಲ್ಲಾಂದ್ರೆ ಒಳಗೇನೂ ಕಾಣಲ್ಲ."

ನಾಳೆ ಬೆಳಿಗ್ಗೆ ಪರೀಕ್ಷೆ. ಔಷಧಿ ನೀರು ಕುಡಿದ ರಕ್ಷಾ ಘಳಿಗೆಗೊಮ್ಮೆ ಹಿತ್ತಲ ಶೌಚಾಲಯಕ್ಕೆ ಓಡಬೇಕು. ಗುಡ್ಲಿಗೆ ಹೋದರೆ ಅದೆಲ್ಲಿ ಸಾಧ್ಯ?

ಲಂಗ ಹರವಿ ಒಳಗೆ ಬಂದ ಮಂಗಳಗೌರಿ ಭೀಮಕ್ಕನಿಗೆ ಹೇಳಿದಳು, "ಅತ್ತೆ, ಈ ಸಲ ಮಗೀನ ಹಿತ್ತಲಿಗೆ ನೀವೇ ಕರ್ಕೊಂಡೋಗಿ. ಕಣ್ಣಾರೆ ನೋಡಿ, ಆಮ್ಯಾಕೆ ಮಾತಾಡಿ."

"ನಾಕು ಹೆತ್ತೋಳು ಕಣೇ ನಾನು. ನಂಗೇ ಕಲಿಸಾಕೆ ಬಂದ್ಬುಟ್ಳು!"

"ಅಜ್ಜೀ, ಈ ಔಷಧಿ ಮೇಕೆ ಗಂಜ್ಲ ಇದ್ದಂಗೈತೆ."

"ಅದ್ಯಾವಾಗ ಕುಡಿದು ನೋಡಿದ್ಯೇ ನೀನು?" ಭೀಮಕ್ಕ ಮೊಮ್ಮಗಳ ಕೈ ಹಿಡಿದು ಹಿತ್ತಲಿಗೆ ನಡೆದಳು.

ತಿರುಗಿ ಬಂದವಳು ಕಂಬಕ್ಕೆ ಒರಗಿ ಕುಳಿತು ಕೇಳಿದಳು, "ಎಷ್ಟು ದಿನದಿಂದ?"

"ಮೂರು ವಾರ."

"ನಾನು ಬರೀ ಲಂಗ ನೋಡ್ದೆ ಕಣಮ್ಮ."

ಅಷ್ಟರಲ್ಲಿ ಕಾಟಪ್ಪ ಬಂದ. ಹೊಸ್ತಿಲು ದಾಟದೆ ಅಂಗಳದಲ್ಲೇ ನಿಂತ.

"ಇನ್ನೂ ಮಗೀನ ಒಳಗೇ ಇಟ್ಕೊಂಡಿದೀರಾ ಅತ್ಗೆ? ಹೊತ್ತೇರ್ತಾ ಐತೆ."

"ಅದು ಮುಟ್ಟಲ್ಲ ಕಣ್ಲಾ ಕಾಟ. ಕರುಳಿನ ಕಾಯಿಲೆ. ನಾನೇ ನೋಡ್ದೆ."

"ಮೈನೆರೆದ್ಲು ಅಂದೋಳೂ ನೀನೇ."

"ನಾನೇ. ತಪ್ಪಾಯ್ತು. ನಿನ್ ದೇವ್ರ ಮುಂದೇನೇ ಹೇಳ್ತೀನಿ, ಬಾ."

ಕಾಟಪ್ಪ ತಲೆಯ ವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡ. ಅವನಿಗೂ ಮಗುವಿನ ಮೇಲೆ ಸಿಟ್ಟಿರಲಿಲ್ಲ.

"ಹಟ್ಟಿಯೋರು ಬುಡ್ತಾರಾ? ಸೋಮವಾರ ಗುಡೀಲಿ ದೇವ್ರ ಪದ ಹೇಳಾಕೆ ನಿನ್ನ ಸೇರಿಸಬ್ಯಾಡ ಅಂತಾರೆ."

ಮುಟ್ಟು, ಬಾಣಂತನ ಬಿಟ್ಟರೆ ನಲವತ್ತು ವರ್ಷದಲ್ಲಿ ಒಂದು ಸೋಮವಾರವೂ ತಪ್ಪಿಸದ ಭೀಮಕ್ಕ ಗುಡಿಯ ಕಡೆ ಒಮ್ಮೆ ನೋಡಿದಳು.

"ಸೇರಿಸಬ್ಯಾಡ್ರಿ. ಇಲ್ಲೇ ಕೂತ್ಕೊಂಡು ಹೇಳ್ತೀನಿ. ಕೇಳೋನಿಗೆ ಕೇಳ್ತೈತೆ."

"ಅತ್ಗೆ, ಮೂರೇ ದಿನ. ಆಮ್ಯಾಕೆ ಯಾವ ಆಸ್ಪತ್ರೆಗಾದ್ರೂ ಹೋಗ್ಲಿ. ನನ್ನ ಮಾತಿಗಾದ್ರೂ ಕಳ್ಸು."

ಭೀಮಕ್ಕ ಲೋಟಕ್ಕೆ ಔಷಧಿ ನೀರು ಬಗ್ಗಿಸಿ ಮೊಮ್ಮಗಳ ಕೈಗಿಟ್ಟಳು.

"ಕಳ್ಸಾಕಿಲ್ಲ."