ಅರ್ಧ ಬಾಡಿಗೆಯ ಮನೆ

ಅನ್ನದ ಕುಕ್ಕರ್ ಇಡಲು ಆ ಕೋಣೆಯಲ್ಲಿ ಇದ್ದದ್ದು ಒಂದೇ ಜಾಗ, ಕಕ್ಕಸಿನ ಮುಚ್ಚಳದ ಮೇಲೆ. ಯಾರಿಗಾದರೂ ಅವಸರವಾದರೆ ಫೊಂಗ್ ಕುಕ್ಕರನ್ನು ಎತ್ತಿ ಮಂಚದ ಮೇಲಿಡಬೇಕು. ಮಂಚದ ಮೇಲೆ ಲೆಕ್ಕ ಮಾಡುತ್ತಿದ್ದ ಮಗಳು ಯಾನ್ ಪುಸ್ತಕ ಎತ್ತಬೇಕು. ಗಂಡ ತೀರಿಕೊಂಡ ಮೇಲೆ ಜತೆಗುಳಿದ ಅತ್ತೆ ಕಾಲು ಮಡಚಿಕೊಳ್ಳಬೇಕು. ಒಂದು ಫ್ಲ್ಯಾಟಿಗೆ ಹಲಗೆ ಹೊಡೆದು ಇಂಥ ಆರು ಗೂಡು ಮಾಡಿದ ಮಹಾಶಯ ಹಾಂಗ್‌ಕಾಂಗಿನ ಯಾವುದೋ ಗುಡ್ಡದ ಮೇಲೆ ಸಮುದ್ರ ನೋಡುತ್ತ ಮಲಗಿರುತ್ತಾನೆ. ತಿಂಗಳ ಕೊನೆಗೆ ಅವನಿಗೆ ಗೂಡು ಖಾಲಿ ಬೇಕಂತೆ.

ಅಂಥ ಹೊತ್ತಿಗೇ ವಸತಿ ಕಚೇರಿಯ ಕಾಗದ ಬಂತು. ಆರು ವರ್ಷ ಸರದಿ ಕಾದದ್ದಕ್ಕೆ ಸರ್ಕಾರಿ ಮನೆ. ಹದಿನೇಳನೆಯ ಮಹಡಿ, ಒಂದು ಕಿಟಕಿ, ಬೇರೆ ಅಡುಗೆಮನೆ. ಮೊದಲ ಎಂಟು ತಿಂಗಳು ಅರ್ಧ ಬಾಡಿಗೆ.

"ಅರ್ಧ ಯಾಕೆ?" ಎಂದರು ಅತ್ತೆ. "ಸರ್ಕಾರ ಯಾವತ್ತಾದ್ರೂ ಸುಮ್ನೆ ಕೊಟ್ಟಿದ್ದುಂಟಾ?"

ಮೊದಲು ತೋರಿಸಿದ ಮನೆಯ ಬಾಗಿಲು ಲಿಫ್ಟಿಗೆ ಎದುರಾಗಿತ್ತು, ಅದೃಷ್ಟ ಇಳಿದುಹೋಗುತ್ತದೆ ಎಂದು ಅತ್ತೆ ಬೇಡವೆಂದಿದ್ದರು. ಎರಡನೆಯದರ ಕಿಟಕಿಯಿಂದ ಸ್ಮಶಾನ ಕಾಣುತ್ತಿತ್ತು. ಇದು ಮೂರನೆಯದು.

"ಇದೂ ಬೇಡ ಅಂದ್ರೆ ಅರ್ಜಿ ರದ್ದು ಅಮ್ಮ," ಎಂದ ಕಚೇರಿಯ ಗುಮಾಸ್ತ. "ಒಂದು ವರ್ಷ ಬಿಟ್ಟು ಹೊಸದಾಗಿ ಹಾಕಿ, ಮತ್ತೆ ಸರದಿ ಕಾಯ್ಬೇಕು."

"ಅರ್ಧ ಬಾಡಿಗೆ ಯಾಕೆ ಸಾರ್?"

"ಆ ಮನೆ ಯಾರೂ ತಗೊಳ್ಳಲ್ಲ."

"ಯಾಕೆ ತಗೊಳ್ಳಲ್ಲ?"

"ಅದಕ್ಕೇ ಅರ್ಧ."

ಫೊಂಗ್‌ಗೆ ತಲೆಬುಡ ತಿಳಿಯಲಿಲ್ಲ. ಬೀಗದ ಕೈ ಇಸಿದುಕೊಂಡು ಅತ್ತೆಯ ಜತೆ ಮನೆ ನೋಡಲು ಹೋದಳು. ಎದುರುಮನೆಯ ಕಬ್ಬಿಣದ ಬಾಗಿಲ ಹಿಂದೆ ಸೊಪ್ಪು ಬಿಡಿಸುತ್ತಿದ್ದ ಮುದುಕಿ ಕೇಳದೆಯೇ ಹೇಳಿದಳು: "ಮೋಕ್ ಅಂತ ಒಬ್ಬ ಇದ್ದ. ಸತ್ತು ಹನ್ನೊಂದು ದಿನಕ್ಕೆ ಬಾಗಿಲು ಒಡೆದ್ರು."

ಅತ್ತೆ ಹೊಸ್ತಿಲಿಂದ ಕಾಲು ಹಿಂದಕ್ಕೆಳೆದುಕೊಂಡರು. "ಗೊತ್ತಾಯ್ತಲ್ಲ, ನಡಿ."

"ತಿಂಗಳ ಕೊನೆಗೆ ಎಲ್ಲಿಗೆ ಹೋಗೋದು ಅತ್ತೆ?"

"ಅದಕ್ಕೇಂತ ದೆವ್ವದ ಜತೆ ಮಲಗ್ತೀಯಾ?"

"ಈಗ ಕಕ್ಕಸಿನ ಜತೆ ಮಲಗ್ತಿಲ್ವಾ?"

"ಯಾನ್‌ಗೆ ಏನಾದ್ರೂ ಆದ್ರೆ? ಮಗನ್ನ ಕಳ್ಕೊಂಡಿದೀನಿ ಕಣೇ ನಾನು."

ಫೊಂಗ್ ಕೈಯಲ್ಲಿದ್ದ ಬೀಗದ ಕೈ ನೋಡಿದಳು. ಸಹಿ ಹಾಕಿದರೂ ತಪ್ಪು, ಹಾಕದಿದ್ದರೂ ತಪ್ಪು.

"ದೆವ್ವ ಎಲ್ಲಿ ಬಂತು?" ಮುದುಕಿ ಸೊಪ್ಪು ಕೆಳಗಿಟ್ಟಳು. "ಒಂಬತ್ತು ವರ್ಷ ಸರದಿ ಕಾದು ಬಂದಿದ್ದ ಆ ಪುಣ್ಯಾತ್ಮ. ಇದ್ದದ್ದು ಐದೇ ತಿಂಗಳು. ಸಿಕ್ಕಸಿಕ್ಕೋರನ್ನೆಲ್ಲ 'ಬನ್ನಿ, ನಮ್ಮನೆ ಕಿಟಕಿ ನೋಡಿ' ಅಂತ ಕರೀತಿದ್ದ. ನಾನು ಮೊಣಕಾಲು ನೋವು ಅಂತ ಒಂದಿನಾನೂ ಹೋಗ್ಲಿಲ್ಲ. ಹನ್ನೊಂದು ದಿನ ಎದುರಿಗೇ ಇದ್ದೆ. ಒಂದ್ಸಲ ಬಾಗಿಲು ತಟ್ಟಲಿಲ್ಲ."

ಹೆದರಬೇಕಾದದ್ದು ಸತ್ತವನಿಗೋ, ಬಾಗಿಲು ತಟ್ಟದವರಿಗೋ, ಮನುಷ್ಯನನ್ನು ಒಂಬತ್ತು ವರ್ಷ ಕಾಯಿಸಿದವರಿಗೋ? ಒಂದೂ ತಿಳಿಯದೆ ಫೊಂಗ್ ಒಳಗೆ ಹೋದಳು. ಸುಣ್ಣ ಬಳಿದ ಖಾಲಿ ಮನೆ. ಕಿಟಕಿಯ ಮುಂದೆ ನೆಲದಲ್ಲಿ ಕುರ್ಚಿ ಎಳೆದ ಗೀರು ಮಾತ್ರ ಉಳಿದಿತ್ತು. ಒಂದೇ ಕುರ್ಚಿಯದು.

ಎಷ್ಟೋ ಹೊತ್ತಿಗೆ ಅತ್ತೆಯೂ ಬಂದು ಆ ಗೀರಿನ ಹತ್ತಿರ ನಿಂತರು. ಅಲ್ಲಿಂದಲೇ ಕೂಗಿ ಕೇಳಿದರು: "ಏನಮ್ಮಾ, ಅವನಿಗೆ ಊಟಕ್ಕೆ ಏನು ಸೇರ್ತಿತ್ತು?"

"ಉಪ್ಪುಮೀನು ಹಾಕಿದ ಅನ್ನ. ವಾಸನೆ ನಮ್ಮನೆಗೂ ಬರ್ತಿತ್ತು."

"ಸಹಿ ಹಾಕೇ ಫೊಂಗ್," ಎಂದರು ಅತ್ತೆ.

ಹೊಸ ಮನೆಗೆ ಬಂದ ದಿನ ಕುಕ್ಕರ್ ಅಡುಗೆಕಟ್ಟೆಯ ಮೇಲೆ ಕೂತಿತ್ತು. ಅತ್ತೆ ಉಪ್ಪುಮೀನಿನ ಅನ್ನವನ್ನು ಮೊದಲು ಒಂದು ಬಟ್ಟಲಿಗೆ ಬಡಿಸಿ ಕಿಟಕಿಯ ಹತ್ತಿರ ಇಟ್ಟರು, ಊದುಬತ್ತಿ ಹಚ್ಚಿದರು. ಆಮೇಲೆ ಇನ್ನೂ ನಾಲ್ಕು ಬಟ್ಟಲಿಗೆ ಬಡಿಸಿದರು.

"ನಾವು ಮೂರೇ ಜನ ಅಲ್ವಾ ಅಜ್ಜಿ?" ಎಂದಳು ಯಾನ್.

ಅತ್ತೆ ಆಗಲೇ ಹೊರಗೆ ಹೋಗಿ ಎದುರಿನ ಕಬ್ಬಿಣದ ಬಾಗಿಲು ತಟ್ಟುತ್ತಿದ್ದರು. "ಏನಮ್ಮಾ, ಮೊಣಕಾಲು ನೋವಾದ್ರೂ ಪರವಾಗಿಲ್ಲ, ಬಾ. ನಮ್ಮನೆ ಕಿಟಕಿ ನೋಡು ಬಾ."