ಹಿಟ್ಟು ಹದಕ್ಕೆ ಬರುವ ಹೊತ್ತು

ಜಾನಪದ ಮೇಳದ ಬಯಲಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ನಲ್ಲಿಯಕ್ಕ. ಕುಡಿಯುವ ನೀರಿನ ಹದಿನಾಲ್ಕು ನಲ್ಲಿ, ಎರಡು ಸಾಲು ಶೌಚಾಲಯ, ಕೂಸುಗಳಿಗೆ ಹಾಲೂಡಿಸಲು ಒಂದು ಗುಡಾರ, ವಯಸ್ಸಾದವರಿಗೆ ಮೆತ್ತೆ ಹಾಕಿದ ನಲವತ್ತು ಕುರ್ಚಿ, ಕಳೆದುಹೋದ ಚಪ್ಪಲಿ ಛತ್ರಿಗಳ ಮೇಜು, ಎಲ್ಲವೂ ಅವಳ ಸುಪರ್ದಿ. ಮೂರು ವೇದಿಕೆಗಳ ಮೇಲೆ ಹಾಡಿದವರಿಗೆಲ್ಲ ಚಪ್ಪಾಳೆ ಬೀಳುತ್ತಿತ್ತು. ಇವಳಿಗೆ ಬೀಳುತ್ತಿದ್ದದ್ದು ಒಂದೇ ಮಾತು: "ಅಕ್ಕಾ, ನೀರು ಬರ್ತಿಲ್ಲ!" ಹಾಗಂತ ಅವಳಿಗೆ ಬೇಸರವೇನೂ ಇರಲಿಲ್ಲ ಅನ್ನಿ. ಬಂದವರಿಗೆ ನೆರಳು, ನೀರು, ಕೂರಲು ಮೆತ್ತನೆಯ ಜಾಗ ಇದ್ದುಬಿಟ್ಟರೆ ಹಾಡು ತಾನಾಗಿಯೇ ಹುಟ್ಟುತ್ತದೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ಆ ನಂಬಿಕೆಗೆ ಪೆಟ್ಟು ಬಿದ್ದದ್ದು ಅವಳ ದೊಡ್ಡಮ್ಮನ ವಿಷಯದಲ್ಲಿ.

ದೊಡ್ಡಮ್ಮ ಅಂದರೆ ನಲ್ಲಿಯಕ್ಕನ ತಾಯಿಯ ಅಕ್ಕ, ಇವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಒಂದು ಬೇಕರಿಯಲ್ಲಿ ಮೂವತ್ತೆಂಟು ವರ್ಷ ಬ್ರೆಡ್ಡಿನ ಹಿಟ್ಟು ನಾದಿದ ಹೆಂಗಸು. ಆ ಬೇಕರಿಯಲ್ಲಿ ಗಡಿಯಾರ ಬಾಳುತ್ತಿರಲಿಲ್ಲವಂತೆ. ಎಂಥದೇ ತಂದು ಹಾಕಿದರೂ ಒಂದು ತಿಂಗಳಲ್ಲಿ ಹಿಟ್ಟಿನ ಧೂಳು ಹೊಕ್ಕು ಮುಳ್ಳು ನಿಂತುಬಿಡುತ್ತಿತ್ತು. ಅದಕ್ಕೆ ಉದ್ದದ ಮೇಜಿನ ಸುತ್ತ ನಿಂತ ಆರು ಹೆಂಗಸರು ಹಾಡನ್ನೇ ಗಡಿಯಾರ ಮಾಡಿಕೊಂಡಿದ್ದರು. ಹುಡುಗಿಯೊಬ್ಬಳು ಮುಂಜಾನೆಯ ಮೊದಲ ಬ್ರೆಡ್ಡನ್ನು ಸೆರಗಲ್ಲಿ ಸುತ್ತಿಕೊಂಡು ಊರಾಚೆಗಿನ ತಾಯಿಗೆ ಒಯ್ಯುವ ಹಾಡು. ಇಪ್ಪತ್ತೊಂದು ನುಡಿ. ಮೊದಲ ನುಡಿಗೆ ಹಿಟ್ಟಿಗೆ ಕೈ ಹಾಕಬೇಕು, ಕೊನೆಯ ನುಡಿಗೆ ಹಿಟ್ಟು ಹದಕ್ಕೆ ಬಂದಿರಬೇಕು. ಒಂದು ನುಡಿ ಹಾರಿಸಿದರೆ ಬ್ರೆಡ್ಡು ಕಲ್ಲಾಗುತ್ತದೆ ಎಂದು ಯಜಮಾನರೇ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರಂತೆ. ಆಮೇಲೆ ನಾದುವ ಮಿಶಿನ್ನು ಬಂತು. ಹೆಂಗಸರು ಚದುರಿದರು, ಒಬ್ಬೊಬ್ಬರಾಗಿ ತೀರಿಕೊಂಡರು. ಇಡೀ ಹಾಡು ಈಗ ಉಳಿದಿದ್ದರೆ ದೊಡ್ಡಮ್ಮನಲ್ಲಿ ಮಾತ್ರ.

ಹೋದ ವರ್ಷ ಇದೇ ಮೇಳದ ಸಣ್ಣ ವೇದಿಕೆಯಲ್ಲಿ, ದುಡಿಮೆಯ ಹಾಡುಗಳ ಕೂಟದಲ್ಲಿ, ನಲ್ಲಿಯಕ್ಕ ದೊಡ್ಡಮ್ಮನನ್ನು ಕೂರಿಸಿದ್ದಳು. ಸುಮ್ಮನೆ ಕೂರಿಸಿದಳೇ? ಇದ್ದುದರಲ್ಲೇ ದಪ್ಪ ಮೆತ್ತೆಯ ಕುರ್ಚಿ, ಕಾಲಿಡಲು ಮಣೆ, ಫ್ಲಾಸ್ಕಿನಲ್ಲಿ ಬಿಸಿನೀರು, ತಲೆಯ ಮೇಲೆ ಫ್ಯಾನು. ಮೈಕಿನವನು "ಬಳೆ ಸದ್ದು ಬೀಳುತ್ತೆ, ಅಮ್ಮ ಕೈ ಅಲ್ಲಾಡಿಸಬಾರದು" ಅಂದಾಗ ಇವಳೇ ಮುಂದೆ ಹೋಗಿ ದೊಡ್ಡಮ್ಮನ ಎರಡೂ ಕೈಯನ್ನು ಮಡಿಲಲ್ಲಿ ಜೋಡಿಸಿಟ್ಟು ಬಂದಿದ್ದಳು. ದೊಡ್ಡಮ್ಮ ಫೋಟೋಗೆ ಕೂತವಳ ಹಾಗೆ ಕೂತಳು. ಒಂದು ಸಾಲು ಹಾಡಿದಳು. ಅಷ್ಟೆ. ಆಮೇಲೆ ಬಾಯಿ ತೆರೆದರೆ ಬರೀ ಗಾಳಿ. ಜನ ಪಾಪ ಎಂದುಕೊಂಡು ಚಪ್ಪಾಳೆ ತಟ್ಟಿದರು, ಆ ಚಪ್ಪಾಳೆಯೇ ಅವಳಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ ದೊಡ್ಡಮ್ಮ ಹೇಳಿದ್ದು ಇಷ್ಟು: "ನಮ್ಮಮ್ಮನಿಗೂ ಹೀಗೇ ಶುರುವಾಗಿತ್ತು."

ಆ ಅಜ್ಜಿ ಕೊನೆಗಾಲದಲ್ಲಿ ಹೆತ್ತ ಮಗಳನ್ನೇ ನೋಡಿ "ಯಾರಮ್ಮಾ ನೀನು?" ಎಂದು ಕೇಳಿದ್ದಳು. ದೊಡ್ಡಮ್ಮನ ಎದೆಯಲ್ಲಿ ಆ ಮಾತು ಮುಳ್ಳಾಗಿ ಕೂತಿತ್ತು. ಮೇಳದಿಂದ ಬಂದಾಗಿನಿಂದ ಬೀಗದ ಕೈ ಎಲ್ಲಿಟ್ಟೆನೆಂದು ಮರೆತರೂ ಅದೇ ಭಯ, ಸಾರಿಗೆ ಎರಡು ಸಲ ಉಪ್ಪು ಬಿದ್ದರೂ ಅದೇ ಭಯ. ಡಾಕ್ಟರ ಹತ್ತಿರ ಹೋಗೋಣವೆಂದರೆ "ಅವರು ಹೇಳಿಬಿಟ್ರೆ ನಿಜ ಆಗಿಬಿಡುತ್ತೆ ಕಣೇ" ಎಂದು ಸೆರಗು ಕೊಡವಿ ಏಳುತ್ತಿದ್ದಳು. ಈ ವರ್ಷ ನಲ್ಲಿಯಕ್ಕ ಕಾಡಿ ಬೇಡಿ ಸಂಜೆ ನಾಲ್ಕರ ಕೂಟಕ್ಕೆ ಒಪ್ಪಿಸಿದ್ದಳು.

"ಇದೇ ಕೊನೆ," ಅಂದಿದ್ದಳು ದೊಡ್ಡಮ್ಮ. "ಈ ಸಲವೂ ಬಾಯಿಗೆ ಬರಲಿಲ್ಲ ಅಂದ್ರೆ ಆ ಹಾಡಿನ ಸುದ್ದಿ ನನ್ನ ಹತ್ರ ಎತ್ತಬೇಡ."

ಹಾಗಾಗಿ ಇವತ್ತು ಬೆಳಿಗ್ಗೆಯಿಂದ ನಲ್ಲಿಯಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡುತ್ತಿದ್ದರೂ ಒಂದು ಕಣ್ಣು ದೊಡ್ಡಮ್ಮನ ಮೇಲೇ ಇತ್ತು. ದೊಡ್ಡಮ್ಮ ನಲ್ಲಿಗಳ ಪಕ್ಕದ ಮೆತ್ತೆ ಕುರ್ಚಿಯಲ್ಲಿ ಕೈ ಕಟ್ಟಿ ಕೂತು ತುಟಿ ಪಿಟಿಪಿಟಿ ಅನ್ನಿಸುತ್ತಿದ್ದಳು. ಎರಡು ಸಾಲು ಆಗುವಷ್ಟರಲ್ಲಿ ನಿಲ್ಲುತ್ತಿದ್ದಳು. ಮತ್ತೆ ಮೊದಲಿನಿಂದ ಶುರು.

ಮಧ್ಯಾಹ್ನ ಹನ್ನೆರಡೂವರೆಗೆ ದೊಡ್ಡ ವೇದಿಕೆಯವರು ನಗಾರಿ ಪರೀಕ್ಷೆ ಮಾಡುತ್ತೇವೆಂದು ಇದ್ದಬದ್ದ ಸ್ಪೀಕರುಗಳನ್ನೆಲ್ಲ ಒಟ್ಟಿಗೆ ಹಾಕಿದರು. ಫಟ್ಟೆಂದು ಅಂಗಡಿ ಸಾಲಿನ ಕರೆಂಟು ಹೋಯಿತು. ಬ್ರೆಡ್ಡಿನ ಅಂಗಡಿಯ ಮುಂದೆ ಐವತ್ತು ಜನ ಸಾಲುಗಟ್ಟಿದ್ದರು. ಒಳಗೆ ನಾದುವ ಮಿಶಿನ್ನು ಅರ್ಧ ಹಿಟ್ಟು ಬಾಯಲ್ಲಿಟ್ಟುಕೊಂಡು ಸುಮ್ಮನಾಗಿತ್ತು.

"ನಲ್ಲಿಯಕ್ಕಾ! ನನ್ನ ಗತಿ ನೋಡಿಲ್ಲಿ!" ಎಂದು ಅಂಗಡಿಯವನು ಕೂಗಿದ. ಡೊಳ್ಳು ಹೊಟ್ಟೆಯ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ.

"ನಾನೇನು ಕರೆಂಟು ಜೇಬಲ್ಲಿ ಇಟ್ಕೊಂಡು ಓಡಾಡ್ತೀನೇನಪ್ಪಾ? ಫೋನ್ ಮಾಡ್ತಿದೀನಿ, ತಡಿ," ಎಂದು ಅವಳು ಎಲೆಕ್ಟ್ರಿಷಿಯನ್‌ಗೆ ಫೋನು ಹಚ್ಚಿದಳು.

ಅಷ್ಟರಲ್ಲಿ ದೊಡ್ಡಮ್ಮ ಕುರ್ಚಿ ಬಿಟ್ಟು ಎದ್ದು ಬಂದು ಅಂಗಡಿಯೊಳಗೆ ಇಣುಕಿದಳು. "ಅಯ್ಯೋ, ಅರ್ಧಂಬರ್ಧ ನಾದಿದ ಹಿಟ್ಟನ್ನ ಹೀಗೆ ಬಿಡ್ತಾರೇನೋ? ಸರಿ ಆ ಕಡೆ." ನಲ್ಲಿಯಲ್ಲಿ ಮೊಳಕೈತನಕ ತೊಳೆದುಕೊಂಡಳು, ಬಳೆ ಬಿಚ್ಚಿ ನಲ್ಲಿಯಕ್ಕನ ಕೈಗೆ ಹಾಕಿದಳು, ಹಿಟ್ಟನ್ನು ಎತ್ತಿ ಮೇಜಿನ ಮೇಲೆ ದಪ್ಪೆಂದು ಹಾಕಿದಳು. ಅಂಗೈ ಬುಡದಿಂದ ಒತ್ತಿ, ಮಡಚಿ, ತಿರುಗಿಸಿ, ಮತ್ತೆ ಒತ್ತಿ. ಎಂಟು ಹತ್ತು ಸಲ ಆಗಿತ್ತೋ ಇಲ್ಲವೋ, ಮೆಲ್ಲಗೆ ಹಾಡು ಕೇಳಿಸಿತು.

"ದೀಪ ಇನ್ನೂ ಆರಿಲ್ಲ, ಕೋಳಿ ಇನ್ನೂ ಕೂಗಿಲ್ಲ,
ಒತ್ತೇ ಅಕ್ಕಾ ಒತ್ತೇ, ಮಡಚೇ ತಂಗಿ ಮಡಚೇ..."

ಫೋನಿನಲ್ಲಿ ಎಲೆಕ್ಟ್ರಿಷಿಯನ್ "ಹಲೋ, ಹಲೋ" ಅನ್ನುತ್ತಲೇ ಇದ್ದ. ನಲ್ಲಿಯಕ್ಕ ಬಾಯಿ ಬಿಟ್ಟುಕೊಂಡು ನಿಂತುಬಿಟ್ಟಳು. ಎರಡನೆಯ ನುಡಿ ಬಂತು. ಮೂರನೆಯದು ಬಂತು. ಸಾಲಿನಲ್ಲಿ ಗೊಣಗುತ್ತಿದ್ದವರು ಸುಮ್ಮನಾದರು. ಹಾಡಿನ ಹುಡುಗಿ ಮನೆಯಿಂದ ಹೊರಟಳು, ಓಣಿ ದಾಟಿದಳು, ನಾಯಿಗೆ ಹೆದರಿ ಗೋಡೆಗೆ ಆತುಕೊಂಡಳು, ಒಂಬತ್ತನೆಯ ನುಡಿಗೆ ಹೊಳೆಯ ಸೇತುವೆ ಹತ್ತಿದಳು. ದೊಡ್ಡಮ್ಮನಿಗೆ ತಾನು ಹಾಡುತ್ತಿದ್ದೇನೆ ಎಂಬ ಪರಿವೆಯೇ ಇದ್ದಂತಿರಲಿಲ್ಲ.

ಆಗಲೇ ಹಾಳು ಕರೆಂಟು ಬಂತು. ಮಿಶಿನ್ನು ಗುರ್ರೆಂದಿತು. "ಸಾಕಮ್ಮಾ ಸಾಕು, ದೊಡ್ಡ ಉಪಕಾರ ಆಯ್ತು!" ಎಂದು ಅಂಗಡಿಯವನು ಖುಷಿಯಿಂದ ಹಿಟ್ಟನ್ನು ಅವಳ ಕೈಯಿಂದ ಬಾಚಿಕೊಂಡು ಮಿಶಿನ್ನಿಗೆ ಹಾಕಿದ. ಹಾಡು ಸಾಲಿನ ನಡುವೆಯೇ ತುಂಡಾಯಿತು.

"ಆಮೇಲೆ ದೊಡ್ಡಮ್ಮಾ? ಸೇತುವೆ ಮೇಲೆ ಏನಾಯ್ತು?" ಎಂದಳು ನಲ್ಲಿಯಕ್ಕ.

ದೊಡ್ಡಮ್ಮ ಬಾಯಿ ತೆರೆದಳು. ಹಿಟ್ಟು ಮೆತ್ತಿದ ಕೈ ಸೆರಗಿಗೆ ಒರೆಸಿಕೊಂಡಳು. ಕಣ್ಣು ಅತ್ತಿತ್ತ ಹುಡುಕಿತು. ಏನೂ ಬರಲಿಲ್ಲ. ಅವಳ ಮುಖ ಬಾಡಿಹೋಯಿತು. "ನೋಡಿದ್ಯಾ? ಒಂಬತ್ತಕ್ಕೇ ನಿಂತೋಯ್ತು. ಮೂರು ಗಂಟೆ ಬಸ್ಸಿಗೆ ಕೂರಿಸಿಬಿಡೇ ನನ್ನ. ಮತ್ತೆ ಆ ಜನರ ಮುಂದೆ ಮಾನ ಕಳ್ಕೊಳ್ಳೋಕೆ ನನ್ನಿಂದಾಗಲ್ಲ."

ನಲ್ಲಿಯಕ್ಕ ದೊಡ್ಡಮ್ಮನ ಮುಖ ನೋಡಲಿಲ್ಲ, ಕೈ ನೋಡಿದಳು. ಆ ಕೈಗಳು ಮತ್ತೆ ಒಂದರ ಮೇಲೊಂದು ಕಟ್ಟಿಕೊಂಡು, ಹೋದ ವರ್ಷ ತಾನೇ ಜೋಡಿಸಿಟ್ಟ ಹಾಗೆಯೇ ಕೂತಿದ್ದವು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು. "ದೊಡ್ಡಮ್ಮಾ, ನಿಂಗೆ ಮರ್ತಿಲ್ಲ. ಹಿಟ್ಟು ಕಿತ್ಕೊಂಡ, ಹಾಡು ನಿಲ್ತು. ಹೋದ ವರ್ಷ ನಾನು ಕೈ ಕಟ್ಟಿ ಕೂರಿಸ್ದೆ, ಆಗ್ಲೂ ನಿಲ್ತು. ತಪ್ಪು ನಿಂದಲ್ಲ, ನನ್ನ ಮೆತ್ತೆ ಕುರ್ಚೀದು!"

"ಸಮಾಧಾನ ಮಾಡೋಕೆ ಏನೇನೋ ಕಟ್ಟಬೇಡ."

"ನಾಲ್ಕು ಗಂಟೆ ತನಕ ಇರು. ನನ್ನಾಣೆ. ಆಮೇಲೆ ನಾನೇ ಬಸ್ಸು ಹತ್ತಿಸ್ತೀನಿ."

ದೊಡ್ಡಮ್ಮ ಬಳೆ ಇಸಕೊಂಡು ಹೋಗಿ ನೆರಳಲ್ಲಿ ಕೂತಳು.

ಅಂಗಡಿಯವನಿಗೆ ವಿಷಯ ತಿಳಿದದ್ದೇ ಅವನ ಮೂಗಿನ ತುದಿಯ ಕೋಪವೆಲ್ಲ ಇಳಿದುಹೋಯಿತು. "ಥೂ, ಹಾಡೋ ಬಾಯಿಂದ ಹಾಡು ಕಿತ್ಕೊಂಡ್ನಲ್ಲ ನಾನು," ಎಂದು ತಾನೇ ಮೇಜು ಹೊತ್ತು ತಂದು ಸಣ್ಣ ವೇದಿಕೆಯ ಮೇಲಿಟ್ಟ. ಹೊಸದಾಗಿ ಕಲಸಿದ ಹಿಟ್ಟನ್ನು ಒದ್ದೆ ಬಟ್ಟೆ ಮುಚ್ಚಿ, ಜೊತೆಗೊಂದು ಬಕೆಟ್ ನೀರನ್ನೂ ತಂದ. ಅಡ್ಡ ಬಂದವನು ಮೈಕಿನವನು.

"ಹಿಟ್ಟಾ? ವೇದಿಕೆ ಮೇಲಾ? ಒಂದು ಚಿಟಿಕೆ ಒಳಗೆ ಹೋದ್ರೆ ನನ್ನ ಮೈಕು ಸತ್ತೇ ಹೋಗುತ್ತೆ ಅಕ್ಕಾ. ಮೇಜು ದಬದಬ ಅನ್ನೋದು ಬೇರೆ."

"ಹೋದ ವರ್ಷ ಬಳೆ ಸದ್ದು ಬೇಡ ಅಂದೆ ನೀನು. ತಲೆ ಆಡಿಸ್ದೆ ನಾನು. ಇಬ್ರೂ ಸೇರಿ ಒಬ್ಬ ಹೆಂಗಸನ್ನ ಒಂದು ವರ್ಷ ಅಳಿಸಿದೀವಿ," ಎಂದಳು ನಲ್ಲಿಯಕ್ಕ. "ದಬದಬ ಅನ್ನೋದೂ ಹಾಡೇ ಕಣೋ."

ಮೈಕಿನವನು ತಲೆ ಕೆರೆದುಕೊಂಡ. ಆಮೇಲೆ ಏಣಿ ತಂದು, ಮೈಕಿಗೆ ತನ್ನ ಕರವಸ್ತ್ರ ಸುತ್ತಿ, ಚಪ್ಪರದ ಗಳಕ್ಕೆ ಎತ್ತರದಲ್ಲಿ ತೂಗುಹಾಕಿದ. ನಲ್ಲಿಯಕ್ಕ ಮೆತ್ತೆ ಕುರ್ಚಿಯನ್ನು ತಾನೇ ಹೊತ್ತುಕೊಂಡು ಹೋಗಿ ವೇದಿಕೆಯ ಹಿಂದೆ ಕಣ್ಣಿಗೆ ಕಾಣದ ಹಾಗೆ ಬಿಸಾಕಿದಳು.

ನಾಲ್ಕು ಗಂಟೆಗೆ ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದು ಮೇಜು ನೋಡಿದವಳೇ ಸಿಡುಕಿದಳು. "ಏನೇ ಇದು ನಾಟಕ? ನಾನೇನು ಆಟದ ಗೊಂಬೇನಾ?" ವಾಪಸು ತಿರುಗಿಯೇಬಿಡುತ್ತಿದ್ದಳೋ ಏನೋ. ಆದರೆ ಹೋಗುವ ಮುಂಚೆ ಅಭ್ಯಾಸಬಲದಿಂದ ಹಿಟ್ಟನ್ನು ಒಮ್ಮೆ ಬೆರಳಲ್ಲಿ ಒತ್ತಿ ನೋಡಿದಳು.

"ನೀರು ಕಮ್ಮಿ ಹಾಕಿದೀಯಲ್ಲೋ," ಎಂದು ವೇದಿಕೆಯ ಮೇಲಿನಿಂದಲೇ ಅಂಗಡಿಯವನನ್ನು ಗದರಿದಳು. ಎದುರು ಕೂತ ಇನ್ನೂರು ಜನ ಗೊಳ್ಳೆಂದು ನಕ್ಕರು. ಅವಳು ಬಳೆ ಬಿಚ್ಚಿ, ಕೈ ತೊಳೆದು, ಹಿಟ್ಟಿಗೆ ನೀರು ಚಿಮುಕಿಸಿ ಸೆರಗು ಸಿಕ್ಕಿಸಿಕೊಂಡಳು.

ಒತ್ತಿ, ಮಡಚಿ, ತಿರುಗಿಸಿ. ಮೇಜು ದಬ್ ದಬ್ ಎಂದಿತು. ಹಾಡು ಬಂತು.

ನಾಲ್ಕನೆಯ ನುಡಿಗೆ ಜನ ಪಲ್ಲವಿ ಕಲಿತುಬಿಟ್ಟರು. "ಒತ್ತೇ ಅಕ್ಕಾ ಒತ್ತೇ" ಎಂದು ಅವಳಂದರೆ "ಮಡಚೇ ತಂಗಿ ಮಡಚೇ" ಎಂದು ಇಡೀ ಚಪ್ಪರ. ನಲ್ಲಿಯಕ್ಕ ಪಕ್ಕದಲ್ಲಿ ನಿಂತು ಬೆರಳು ಮಡಚಿ ಎಣಿಸುತ್ತಿದ್ದಳು. ಏಳು. ಎಂಟು. ಒಂಬತ್ತನೆಯದಕ್ಕೆ ಹುಡುಗಿ ಸೇತುವೆ ಹತ್ತಿದಾಗ ಅವಳ ಬೆರಳು ಅಲ್ಲೇ ನಿಂತಿತು. ದೊಡ್ಡಮ್ಮನ ದನಿ ಒಂದು ಗಳಿಗೆ ತಡವರಿಸಿತು. ಕೈ ಮಾತ್ರ ತಡೆಯಲಿಲ್ಲ. ಒತ್ತಿತು, ಮಡಚಿತು, ತಿರುಗಿಸಿತು.

"ಹೊಳೆಗೆ ಹೇಳಿ ಬಂದೆ, ಮಂಜಿಗೆ ಹೇಳಿ ಬಂದೆ,
ದಾರಿ ಬಿಡು ಸೇತುವೆ, ಬ್ರೆಡ್ಡು ಆರುತ್ತೆ ಅಂದೆ..."

ಹತ್ತು! ನಲ್ಲಿಯಕ್ಕ ಅಳುತ್ತಿದ್ದಳು. ಯಾರು ನೋಡಿದರೂ ನೋಡಲಿ ಎಂದು ಒರೆಸಿಕೊಳ್ಳದೆ ಅತ್ತಳು. ಹುಡುಗಿ ಸೇತುವೆ ಇಳಿದಳು, ತೋಪು ದಾಟಿದಳು, ಚಪ್ಪಲಿ ಹರಿದು ಬರಿಗಾಲಲ್ಲಿ ನಡೆದಳು. ಇಪ್ಪತ್ತೊಂದನೆಯ ನುಡಿಗೆ ತಾಯಿಯ ಮನೆ ಮುಟ್ಟಿದಳು.

"ಕದ ತಟ್ಟಲಿಲ್ಲ ನಾನು, ಹೆಸರು ಹೇಳಲಿಲ್ಲ ನಾನು,
ಹೆಜ್ಜೆ ಸದ್ದಿಗೇ ಎದ್ದು ಬಂದ್ಳು, ಮಗಳೇ ಅಂದ್ಳು ಅಮ್ಮ."

ದೊಡ್ಡಮ್ಮ ಹಿಟ್ಟಿಗೆ ಬೆರಳು ಒತ್ತಿ ತೆಗೆದಳು. ಕುಳಿ ತಾನಾಗಿ ತುಂಬಿಕೊಂಡಿತು. ಹದ ಬಂದಿತ್ತು. ಚಪ್ಪಾಳೆ ಬಿತ್ತು, ಆದರೆ ಅವಳು ಜನರ ಕಡೆ ತಿರುಗಲಿಲ್ಲ.

"ಮರ್ತಿರಲಿಲ್ಲ ಕಣೇ ನಾನು," ಎಂದಳು ನಲ್ಲಿಯಕ್ಕನಿಗೆ. "ಅಷ್ಟೂ ಇತ್ತು." ಹಿಟ್ಟಿನ ಕೈಯಲ್ಲೇ ಅವಳ ಕೆನ್ನೆ ಒರೆಸಿ ಇನ್ನಷ್ಟು ಬೆಳ್ಳಗೆ ಮಾಡಿದಳು. "ನಾಳೆ ಆ ಡಾಕ್ಟರ ಹತ್ರ ಹೋಗಿ ಬರೋಣ ನಡಿ. ಈಗ ನಂಗೆ ಹೆದರಿಕೆ ಇಲ್ಲ."

ಮುಂದಿನ ಸಾಲಿನಲ್ಲಿದ್ದ, ಶಾಲೆಯಲ್ಲಿ ಪಾಠ ಹೇಳುವ ಹೆಂಗಸೊಬ್ಬಳು ಎದ್ದು ನಿಂತು, "ಅಮ್ಮಾ, ನಮಗೂ ಕಲಿಸ್ತೀರಾ?" ಎಂದು ಕೇಳಿದಳು.

ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ಅವಳನ್ನು ಅಡಿಯಿಂದ ಮುಡಿತನಕ ನೋಡಿದಳು. "ಬರೆದುಕೊಂಡು ಕಲಿಯೋ ಹಾಡಲ್ಲ ಇದು. ಮೊದ್ಲು ಕೈ ತೊಳ್ಕೊಂಡು ಬಾ."

ಅವಳು ಹೋದಳು. ಅವಳ ಹಿಂದೆ ಇನ್ನಿಬ್ಬರು, ಅವರ ಹಿಂದೆ ಹತ್ತು ಜನ, ಆಮೇಲೆ ಚಪ್ಪರಕ್ಕೆ ಚಪ್ಪರವೇ ಎದ್ದು ತೋಳೇರಿಸಿಕೊಂಡು ನಲ್ಲಿಗಳ ಕಡೆ ನಡೆಯಿತು. ಅಂಗಡಿಯವನು ಇನ್ನೆರಡು ಚೀಲ ಹಿಟ್ಟು ತರಲು ಓಡಿದ. ನಲ್ಲಿಯಕ್ಕ ಮೂಗು ಸೀಟಿಕೊಂಡು ದೊಡ್ಡಮ್ಮನ ಪಕ್ಕ ಒಂದು ನಿಮಿಷ ಕೂರೋಣವೆಂದು ಹೊರಟಿದ್ದಳು, ಅಷ್ಟರಲ್ಲಿ ಬಯಲಿನ ಆ ಕಡೆಯಿಂದ ನಾಲ್ಕೈದು ಗಂಟಲು ಒಟ್ಟಿಗೇ ಕೂಗಿದವು.

"ಅಕ್ಕಾ, ನೀರು ಬರ್ತಿಲ್ಲ!"

"ಬಂದೇ, ಬಂದೇ!" ಎಂದು ನಲ್ಲಿಯಕ್ಕ ಕೆನ್ನೆಯ ಹಿಟ್ಟನ್ನೂ ಒರೆಸಿಕೊಳ್ಳದೆ ಓಡಿದಳು.